ಫೋನಿನಲ್ಲಿ ದನಿ ಸಣ್ಣಗೆ ಕೇಳ್ತಿದೆಯಾ? ಮೊದಲು ಇಯರ್‌ಪೀಸ್ ನೋಡಿ

ಇಯರ್‌ಪೀಸ್ ಅಂದರೆ ಕಿವಿಗೆ ಹಿಡಿಯುವ ಅಥವಾ ಕಿವಿಯೊಳಗೆ ಕೂರುವ ಭಾಗ. ಡಾಕ್ಟರ ಸ್ಟೆತಾಸ್ಕೋಪಿನ ತುದಿ, ಹಳೇ ಲ್ಯಾಂಡ್‌ಲೈನ್ ರಿಸೀವರಿನ ಮೇಲ್ಭಾಗ, ಈಗಿನ ಇಯರ್‌ಬಡ್, ಎಲ್ಲಕ್ಕೂ ಅದೇ ಹೆಸರು. ಮೊಬೈಲಿನಲ್ಲಿ ಸ್ಕ್ರೀನಿನ ಮೇಲ್ತುದಿಗೆ ಒಂದು ಸಣ್ಣ ಸೀಳು ಇದೆಯಲ್ವಾ, ಅದು. ಜಾಸ್ತಿ ಕಾಟ ಕೊಡುವುದೂ ಅದೇ.

ಹೋದ ಮಳೆಗಾಲ ಉಡುಪಿಯಿಂದ ಅಮ್ಮ ಫೋನ್ ಮಾಡಿದಾಗೆಲ್ಲ "ಎಂತ ಮಾರಾಯ, ಸ್ವಲ್ಪ ಜೋರು ಮಾತಾಡು" ಎನ್ನುತ್ತಿದ್ದರು. ಅಂಗಡಿಯಲ್ಲಿ ತೋರಿಸಿದರೆ ಸ್ಪೀಕರ್ ಹೋಗಿದೆ, ಹೊಸದು ಹಾಕಬೇಕು ಎಂದರಂತೆ. ನಾನು ಊರಿಗೆ ಹೋದಾಗ ಟಾರ್ಚ್ ಹಿಡಿದು ನೋಡಿದೆ. ಜಾಲರಿಯ ಮೇಲೆ ಬೂದು ಪದರ. ಬೆವರು, ಪೌಡರು, ಧೂಳು ಎಲ್ಲ ಸೇರಿ ನಮ್ಮ ಕರಾವಳಿಯ ತೇವಕ್ಕೆ ಗಟ್ಟಿಯಾಗಿ ಕೂತಿತ್ತು.

ಹಾಗಾಗಿ ಮೊದಲು ಇಷ್ಟು ಮಾಡಿ. ಕಾಲ್ ನಡೆಯುವಾಗಲೇ ವಾಲ್ಯೂಮ್ ಏರಿಸಿ ನೋಡಿ, ಕಾಲ್‌ನ ವಾಲ್ಯೂಮ್ ಬೇರೆ, ಹಾಡಿನದ್ದು ಬೇರೆ. ಸ್ಕ್ರೀನ್‌ಗಾರ್ಡ್ ಸೀಳನ್ನು ಮುಚ್ಚಿದೆಯಾ ನೋಡಿ. ಸ್ಪೀಕರಿಗೆ ಹಾಕಿದಾಗ ಸರಿಯಾಗಿ ಕೇಳಿ, ಕಿವಿಗೆ ಹಿಡಿದಾಗ ಮಾತ್ರ ಸಣ್ಣಗಾದರೆ ಹೆಚ್ಚಾಗಿ ಕಸವೇ. ಫೋನನ್ನು ಮುಖ ಕೆಳಗೆ ಮಾಡಿ ಹಿಡಿದು, ಒಣಗಿದ ಮೆತ್ತನೆ ಹೊಸ ಟೂತ್‌ಬ್ರಷ್‌ನಿಂದ ಮೆಲ್ಲ ಉಜ್ಜಿ, ಕಸ ಹೊರಗೆ ಬೀಳಲಿ. ಪಿನ್ನು ಮಾತ್ರ ಬೇಡವೇ ಬೇಡ, ಜಾಲರಿ ಹರಿಯುತ್ತದೆ, ಕಸ ಇನ್ನೂ ಒಳಗೆ ಹೋಗುತ್ತದೆ. ಅಮ್ಮನ ಫೋನ್ ಐದು ನಿಮಿಷದಲ್ಲಿ ಸರಿಯಾಯಿತು.

ಮಳೆಯಲ್ಲಿ ನೆನೆದಿದ್ದರೆ ಆಫ್ ಮಾಡಿ ಫ್ಯಾನಿನ ಕೆಳಗೆ ಇಡಿ. ಕುಚ್ಚಲಕ್ಕಿ ಡಬ್ಬಕ್ಕೆ ಹಾಕಬೇಡಿ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ.

ಇಯರ್‌ಬಡ್ ಇದ್ದರೆ ಜೊತೆಗೆ ಬರುವ ಸಣ್ಣ, ದೊಡ್ಡ ರಬ್ಬರ್ ಟಿಪ್ಪುಗಳನ್ನು ಸುಮ್ನೆ ಬಿಸಾಡಬೇಡಿ. ಸಡಿಲವಾದ ಟಿಪ್ ಹಾಕಿಕೊಂಡು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಇಂಜಿನ್, ಹಾರ್ನ್ ಎಲ್ಲ ಒಳಗೆ ಬರುತ್ತದೆ, ಆಗ ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಸದ್ದು 80 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾಪನ) ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ! ಕಿವಿಗೆ ಸರಿಯಾಗಿ ಕೂರುವ ಟಿಪ್ ಹಾಕಿದರೆ ಸಣ್ಣ ವಾಲ್ಯೂಮೇ ಸಾಕು. ಬೈಕ್ ಓಡಿಸುವಾಗ, ರಸ್ತೆ ದಾಟುವಾಗ ತೆಗೆದಿಡಿ.

ವಾರಕ್ಕೊಮ್ಮೆ ಟಿಪ್ಪು ಬಿಚ್ಚಿ ಸೋಪುನೀರಿನಲ್ಲಿ ತೊಳೆಯಿರಿ, ಬಡ್ಡನ್ನು ಮಾತ್ರ ಒಣಬಟ್ಟೆಯಲ್ಲಿ ಒರೆಸಿ. ಜುಲೈಯಲ್ಲಿ ನಮ್ಮಲ್ಲಿ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ಟಿಪ್ಪನ್ನು ಒಂದು ರಾತ್ರಿ ಪೂರ್ತಿ ಹೊರಗೇ ಬಿಟ್ಟು ಮತ್ತೆ ಹಾಕಿ.