ಹಂಡೆ ಒಲೆ ಒಡೆದ ಮೇಲೆ ಬಂದ ಬುದ್ಧಿ

ಶಿರಸಿ ಕಡೆ ಹಳೇ ಮನೆ ರಿಪೇರಿ ಕಂಟ್ರಾಕ್ಟು ಹಿಡಿದರೆ ಯಜಮಾನರು ಒಬ್ಬರೇ ಅಂದುಕೊಳ್ಳಬೇಡಿ. ಮನೆಯಲ್ಲಿ ಇರುವವರು ಆಯಿ, ಅಪ್ಪಯ್ಯ. ದುಡ್ಡು ಕಳಿಸುವವನು ಬೆಂಗಳೂರಿನ ಮಗ. ವಿಡಿಯೋ ಕಾಲಲ್ಲಿ ಟೈಲ್ಸ್ ಬಣ್ಣ ಹೇಳುವವರು ಸೊಸೆ. ಎಲ್ಲರೂ ಒಳ್ಳೆಯವರೇ, ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಒಂದು ಮನೆಯ ಬಚ್ಚಲು ಕೆಲಸ. ಮಗ ಫೋನ್ ಮಾಡಿ "ಆ ಹಂಡೆ ಒಲೆ ತೆಗೆದುಬಿಡಿ, ಗೀಸರ್ ಹಾಕೋಣ, ಗೋಡೆಯೆಲ್ಲ ಮಸಿ" ಎಂದ. ಆಯಿ ಮಗಳ ಮನೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆಯೇ ಒಡೆಸಿದೆ. ನಾಲ್ಕನೇ ದಿನ ಅವರು ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ಬೈಯಲಿಲ್ಲ. "ತಮ್ಮಾ, ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರೂದಿಲ್ಲ, ಆಗ ನಿನ್ನ ಗೀಸರ್ ಎಂತ ಮಾಡ್ತದೆ? ತೋಟದ ಸೋಗೆ, ಸಿಪ್ಪೆ ಎಲ್ಲ ಎಲ್ಲಿ ಸುಡಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನಿಗೆ ಫೋನ್ ಹಚ್ಚಿದರೆ "ಆಯಿ ಹೇಳಿದ ಹಾಗೇ ಮಾಡಿಬಿಡಿ" ಅಂತ ಇಟ್ಟುಬಿಟ್ಟ. ಒಲೆ ಮತ್ತೆ ಕಟ್ಟಿಸಿದೆ, ಎರಡು ದಿನದ ಕೂಲಿ ನನ್ನ ಕೈಯಿಂದಲೇ ಹೋಯ್ತು.

ಈಗ ಕೆಲಸ ಒಪ್ಪಿಕೊಳ್ಳುವ ಮುಂಚೆ ಎಲ್ಲರ ಎದುರಿಗೇ ಒಂದು ಮಾತು ಕೇಳುತ್ತೇನೆ: ಕೊನೆಯ ಮಾತು ಯಾರದು? ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಳ್ಳುತ್ತಾರೆ, ಅಪ್ಪಯ್ಯ ಎಲೆ ಅಡಿಕೆ ಕವಳದ ಬಟ್ಟಲು ಹತ್ತಿರ ಎಳೆದುಕೊಳ್ಳುತ್ತಾರೆ. ಕಾಯುತ್ತೇನೆ. ಒಂದು ಹೆಸರು ಬಂದ ಮೇಲೆ ಸೈಟಿನಲ್ಲಿ ಒಂದು ವಹಿ ಇಡುತ್ತೇನೆ. ಏನಾದರೂ ಬದಲಾದರೆ ತಾರೀಖು, ಮೊದಲು ಏನಿತ್ತು, ಈಗ ಏನು, ಎಷ್ಟು ದುಡ್ಡು ಜಾಸ್ತಿ, ಎಷ್ಟು ದಿನ ಜಾಸ್ತಿ ಅಂತ ಬರೆದು, ಆ ಪುಟದ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಹೆಸರು ಹೇಳಿದವರಿಂದ "ಆಗಲಿ" ಅಂತ ಬರುವ ತನಕ ಕೈ ಹಾಕುವುದಿಲ್ಲ. ದುಡ್ಡಿನ ಅಂಕಿ ಕಂಡ ಕೂಡಲೇ ಅರ್ಧ ಬದಲಾವಣೆ ತಾನಾಗಿ ಬಿದ್ದುಹೋಗುತ್ತವೆ, ಅದು ಬೇರೆ ಮಾತು.

ನಿಜವಾದ ತೂತು ಇರುವುದು ಮೇಸ್ತ್ರಿ ಹತ್ತಿರ. ಹನ್ನೊಂದು ಗಂಟೆ ಚಾ ಕೊಡುವಾಗ ಮನೆಯವರು "ಇಲ್ಲೊಂದು ಗೂಡು ಬಿಟ್ಟರೆ ಚಲೋ ಇತ್ತು" ಅಂತಾರೆ, ಇವನು ಹೂಂ ಅಂತಾನೆ, ಸಂಜೆ ನಾನು ಹೋಗುವಷ್ಟರಲ್ಲಿ ಗೋಡೆಯಲ್ಲಿ ಗೂಡು. ಈಗ ಹೇಳಿಟ್ಟಿದ್ದೇನೆ, ಚಾ ಕುಡಿ, ಹೂಂ ಮಾತ್ರ ಅನ್ನಬೇಡ.

ಬರೆದಿಟ್ಟರೂ ಬಗೆಹರಿಯದ್ದು ಇರುತ್ತದೆ. ಕುಮಟಾದ ಒಂದು ಮನೆಯಲ್ಲಿ ಅಡುಗೆ ಕಟ್ಟೆ ಎತ್ತರಕ್ಕೆ ಅತ್ತೆ 30 ಇಂಚು, ಸೊಸೆ 34 ಇಂಚು. 32 ಮಾಡಿದರೆ ಇಬ್ಬರಿಗೂ ಬೇಜಾರು. ಅಂಗಳದಲ್ಲಿ ಇಟ್ಟಿಗೆ ಪೇರಿಸಿ ಮೇಲೆ ಹಲಗೆ ಇಟ್ಟೆ, ಗ್ಯಾಸ್ ಒಲೆ ಮತ್ತು ಪಾತ್ರೆ ತರಿಸಿ ಇಬ್ಬರನ್ನೂ ನಿಲ್ಲಿಸಿದೆ. 34ರ ಮೇಲೆ ಒಲೆ, ಅದರ ಮೇಲೆ ದೊಡ್ಡ ಪಾತ್ರೆ ಇಟ್ಟು ಸೌಟು ಆಡಿಸಲು ಹೋದರೆ ಸೊಸೆಯ ಮೊಣಕೈಯೇ ಭುಜದ ಹತ್ತಿರ ಬಂತು. ಪಾತ್ರೆ ತೊಳೆಯುವಾಗ ಉಲ್ಟಾ, ಸಿಂಕಿನ ತಳ ಕಟ್ಟೆಗಿಂತ ಕೆಳಗೆ ಇರುತ್ತದಲ್ವಾ, 30ಕ್ಕೆ ಅತ್ತೆಯೇ ಸೊಂಟ ಬಗ್ಗಿಸಬೇಕಾಯ್ತು. ಕೊನೆಗೆ ಒಲೆ ಭಾಗ 30, ಸಿಂಕ್ ಭಾಗ 34. ಗ್ರಾನೈಟಿಗೆ ಒಂದು ಜಾಯಿಂಟ್ ಜಾಸ್ತಿ ಬಂತು, ಅಷ್ಟೇ.

ಎರಡು ವಿಚಾರಕ್ಕೆ ಮಾತ್ರ ಮನೆಯವರ ಮಾತೂ ನಡೆಯುವುದಿಲ್ಲ. ಚಿರೆಕಲ್ಲಿನ ಹಳೇ ಮನೆಯಲ್ಲಿ ಗೋಡೆಯೇ ಮಾಡಿನ, ಅಂದರೆ ಚಾವಣಿಯ, ಭಾರ ಹೊರುವುದು, ಹಾಲ್ ದೊಡ್ಡದಾಗಲಿ ಅಂತ ಎಲ್ಲರೂ ಸೇರಿ ಹೇಳಿದರೂ ಇಂಜಿನಿಯರ್ ಬಂದು ನೋಡದೆ ಒಂದು ಕಲ್ಲೂ ತೆಗೆಯುವುದಿಲ್ಲ. ಇನ್ನೊಂದು ಮಾಡಿನದೇ. ಹಂಚು ಇಳಿಸಿದ ಮೇಲೆ ಅಣ್ಣ ಹಂಚೇ ಇರಲಿ ಅಂತಾನೆ, ತಮ್ಮ ಶೀಟು ಅಂತಾನೆ, ಹದಿನೈದು ದಿನ ಹೋಗುತ್ತದೆ, ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಅದಕ್ಕೇ ಮಾಡಿನ ಮರದ ಪಕಾಸು, ಅದರ ಮೇಲೆ ಅಡ್ಡ ಹೊಡೆಯುವ ರೀಪು ಪಟ್ಟಿ, ಹೊದಿಕೆ ಎಲ್ಲ ತೀರ್ಮಾನ ಆಗಿ ವಹಿಗೆ ಸಹಿ ಬೀಳುವ ತನಕ ನಾನು ಒಂದು ಹಂಚೂ ಇಳಿಸುವುದಿಲ್ಲ.