ಸಾರಿಗೆ ಎಂಜಿನಿಯರಿಂಗ್ ಎಂ.ಟೆಕ್: ಸೇರುವ ಮುಂಚೆ ಒಂದು ಜಂಕ್ಷನ್ ಎಣಿಸಿ

ಪ್ರವೇಶದ ಮಾತು ಮೊದಲು ಮುಗಿಸುತ್ತೇನೆ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಸಿವಿಲ್ ಪತ್ರಿಕೆಯ 100 ಅಂಕಗಳಲ್ಲಿ ಸಾರಿಗೆಯ ಪಾಲು ಸಣ್ಣದು. ರ‍್ಯಾಂಕ್ ತಂದುಕೊಡುವುದು ಮಣ್ಣು, ನೀರು, ಸ್ಟ್ರಕ್ಚರ್, ಗಣಿತ, ಜೊತೆಗೆ ಆಪ್ಟಿಟ್ಯೂಡಿನ 15 ಅಂಕ. ಸ್ಕೋರು 3 ವರ್ಷ ನಡೆಯುತ್ತದೆ. ಐಐಟಿಗಳ ಆಫರ್ ಸಿಒಎಪಿ ಎಂಬ ಸಾಮಾನ್ಯ ಪೋರ್ಟಲಿನಲ್ಲಿ ಕಾಣಿಸುತ್ತದೆ, ಆದರೆ ಅರ್ಜಿಯನ್ನು ಆಯಾ ಸಂಸ್ಥೆಗೇ ಬೇರೆಯಾಗಿ ಹಾಕಬೇಕು. ಸಿಒಎಪಿಯಲ್ಲಷ್ಟೇ ನೋಂದಾಯಿಸಿ ಕಾಯುತ್ತ ಕೂತರೆ ಏನೂ ಬರುವುದಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆ ಸಿಸಿಎಂಟಿಗೆ, ಅಂದರೆ ಎನ್‌ಐಟಿಗಳ ಕೇಂದ್ರೀಕೃತ ಕೌನ್ಸೆಲಿಂಗಿಗೆ, ಸೇರುತ್ತದೆ, ವಿಟಿಯು ಕಾಲೇಜುಗಳಿಗೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ. ತಿಂಗಳಿಗೆ 12,400 ರೂಪಾಯಿಯ ಸ್ಟೈಪೆಂಡ್ ಗೇಟ್ ದಾರಿಯಲ್ಲಿ ಬಂದವರಿಗೆ.

ರಸ್ತೆ ಕಟ್ಟುವುದನ್ನು ಕಲಿಯುತ್ತೇವೆ ಅಂದುಕೊಂಡು ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಎದುರಾಗುವುದು ಅಂಕಿಸಂಖ್ಯಾಶಾಸ್ತ್ರ. ಪುಸ್ತಕ ಓದಿ ಅದಕ್ಕೆ ಸಿದ್ಧವಾಗುವುದಕ್ಕಿಂತ ಹತ್ತಿರದ ಒಂದು ಸರ್ಕಲ್ಲಿನ ವಾಹನ ಎಣಿಸುವುದು ಲೇಸು.

ಎರಡನೇ ಮಹಡಿಯ ಎತ್ತರದಿಂದ ಮೊಬೈಲಿನಲ್ಲಿ 2 ಗಂಟೆ ವಿಡಿಯೊ ತೆಗೆಯುತ್ತೇನೆ. ಕೆಳಗಿನಿಂದ ತೆಗೆದರೆ ಬಸ್ಸಿನ ಮರೆಯಲ್ಲಿ ಹೋಗುವ ಬೈಕುಗಳೆಲ್ಲ ಎಣಿಕೆಯಿಂದ ಜಾರಿಹೋಗುತ್ತವೆ. ಎಲ್ಲ ಬಗೆಯ ವಾಹನಗಳನ್ನೂ ಒಟ್ಟಿಗೆ ಎಣಿಸಲು ಹೋಗಬೇಡಿ, ಕೈ ತಪ್ಪುತ್ತದೆ. ಒಂದು ಸುತ್ತು ಬರೀ ದ್ವಿಚಕ್ರ, ಇನ್ನೊಂದು ಆಟೊ ಮತ್ತು ಕಾರು, ಕೊನೆಗೆ ಬಸ್ಸು, ಲಾರಿ. ಪ್ರತಿ 15 ನಿಮಿಷಕ್ಕೆ ಒಂದು ಸಾಲು ಬರೆಯಿರಿ.

ಆಮೇಲೆ ಎಲ್ಲವನ್ನೂ ಪಿಸಿಯುಗೆ, ಅಂದರೆ ಕಾರಿನ ಲೆಕ್ಕಕ್ಕೆ, ತರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 106 (1990) ಪ್ರಕಾರ ಕಾರು 1. ದ್ವಿಚಕ್ರದ ಪಾಲು ಒಟ್ಟು ವಾಹನಗಳಲ್ಲಿ 5 ಶೇಕಡಾದಷ್ಟಿದ್ದರೆ 0.5, 10 ಶೇಕಡಾ ಅಥವಾ ಮೇಲಿದ್ದರೆ 0.75. ಆಟೊಗೆ ಹೀಗೆಯೇ 1.2 ಮತ್ತು 2, ಬಸ್ಸು-ಲಾರಿಗೆ 2.2 ಮತ್ತು 3.7. ನಮ್ಮ ಊರುಗಳಲ್ಲಿ ಬೈಕಿನ ಪಾಲು 10ರ ಒಳಗಿರುವುದು ಅಪರೂಪ. ಆದರೂ ಕಣ್ಣುಮುಚ್ಚಿ 0.5 ಹಾಕಿದ ವರದಿಗಳು ಬರುತ್ತಲೇ ಇರುತ್ತವೆ.

ಅತಿ ಹೆಚ್ಚು ದಟ್ಟಣೆಯ ಒಂದು ಗಂಟೆಯ ನಾಲ್ಕು ಕಾಲುಗಂಟೆಗಳ ಪಿಸಿಯು ಮೊತ್ತ 620, 710, 780, 690 ಎನ್ನೋಣ. ಗಂಟೆಗೆ 2800. ಆ ಗಂಟೆಯುದ್ದಕ್ಕೂ ಸಂಚಾರ ಎಷ್ಟು ಸಮನಾಗಿತ್ತು ಎಂದು ತೋರಿಸುವ ಪೀಕ್ ಅವರ್ ಫ್ಯಾಕ್ಟರ್ ಅಂದರೆ 2800 ಭಾಗಿಸು (4 × 780), ಸುಮಾರು 0.90. ಇದು 0.98, 0.99 ಬಂದರೆ ಖುಷಿಪಡಬೇಡಿ, ಅನುಮಾನಪಡಿ. ಜಂಕ್ಷನ್ ತುಂಬಿಹೋದಾಗ ಸ್ಟಾಪ್ ಲೈನ್ ದಾಟುವ ವಾಹನಗಳ ಸಂಖ್ಯೆ ಸಿಗ್ನಲ್ ಎಷ್ಟು ಬಿಡುತ್ತದೋ ಅಷ್ಟೇ. ಕಾಲುಗಂಟೆಗಳೆಲ್ಲ ಒಂದೇ ಥರ ಕಾಣುತ್ತವೆ. ನೀವು ಅಳೆದದ್ದು ರಸ್ತೆಯ ಸಾಮರ್ಥ್ಯ, ಜನರ ಬೇಡಿಕೆಯಲ್ಲ. ಆ ಸಂಖ್ಯೆ ಇಟ್ಟುಕೊಂಡು ಸಿಗ್ನಲ್ ವಿನ್ಯಾಸ ಮಾಡಿದರೆ ವಾಹನಗಳ ಹಳೆಯ ಸಾಲೇ ಮತ್ತೆ ನಿಲ್ಲುತ್ತದೆ. ಹಾಗಾಗಿ ಸಾಲಿನ ಬಾಲಕ್ಕೂ ಹಿಂದೆ ಇನ್ನೊಂದು ಕ್ಯಾಮೆರಾ ಇಟ್ಟು ಬಂದು ಸೇರುವ ವಾಹನಗಳನ್ನು ಎಣಿಸಬೇಕು. ಕ್ಯಾಮೆರಾ ಒಂದೇ ಇದ್ದರೆ, ಪ್ರತಿ 15 ನಿಮಿಷದ ಕೊನೆಗೆ ಸಾಲಿನಲ್ಲಿ ಉಳಿದವುಗಳನ್ನು ಎಣಿಸಿಡಿ. ದಾಟಿದ್ದಕ್ಕೆ ಈಗಿನ ಸಾಲು ಕೂಡಿ, ಹಿಂದಿನ ಸಾಲು ಕಳೆದರೆ ಬಂದದ್ದು ಸಿಗುತ್ತದೆ.

ಸಾಫ್ಟ್‌ವೇರಿಗೆ ಆಮೇಲೆ ಹೋಗಿ. ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸುಮೊ ಉಚಿತ. ಆದರೆ ಅದು ಹಾಗೇ ಬಿಟ್ಟರೆ ವಾಹನಗಳನ್ನು ಲೇನಿನಲ್ಲಿ ಒಂದರ ಹಿಂದೊಂದು ಓಡಿಸುತ್ತದೆ. ಬೈಕು ಪಕ್ಕದಲ್ಲಿ ನುಸುಳಬೇಕಾದರೆ ಸಬ್‌ಲೇನ್ ಮಾದರಿಯನ್ನು ನೀವೇ ಆನ್ ಮಾಡಬೇಕು.