ಸಿಸ್ಟ್ ಜಂತುಹುಳುವನ್ನು ತಡೆಯಬಲ್ಲ ಸೋಯಾಬೀನ್ ತಳಿಯನ್ನು ರೂಪಿಸುವ ಬಗೆ

ತಳಿ ಅಭಿವೃದ್ಧಿಯ ಮೊದಲ ಕೆಲಸ ಗಿಡದ ಆಯ್ಕೆಯಲ್ಲ, ಸೋಯಾಬೀನಿನ ಬೇರುಗಳನ್ನು ಹೊಕ್ಕು ಬೆಳೆಯನ್ನು ಬಾಧಿಸುವ ಸಿಸ್ಟ್ ಜಂತುಹುಳುವಿನ (ನೆಮಟೋಡ್) ಪರೀಕ್ಷೆ. ಬೆಚ್ಚಗಿನ ಮಣ್ಣಿನಲ್ಲಿ ಈ ಹುಳು ಸುಮಾರು ನಾಲ್ಕು ವಾರಗಳಲ್ಲಿ ಒಂದು ಪೀಳಿಗೆ ಮುಗಿಸುತ್ತದೆ. ಹೀಗೆ ಒಂದೇ ಹಂಗಾಮಿನಲ್ಲಿ ಹಲವು ಪೀಳಿಗೆಗಳು ಕಳೆಯುವುದರಿಂದ, ವರ್ಷ ವರ್ಷವೂ ಒಂದೇ ಬಗೆಯ ನಿರೋಧಕತೆಯನ್ನು ಎದುರಿಸುವ ಹುಳುಗಳಲ್ಲಿ ಅದನ್ನು ಮೀರಬಲ್ಲವೇ ಉಳಿದು ಹೆಚ್ಚುತ್ತವೆ. ಅಮೆರಿಕದಲ್ಲಿ ನಿರೋಧಕ ತಳಿಗಳಲ್ಲಿ ಬಹುಪಾಲು ಪಿಐ 88788 ಎಂಬ ಒಂದೇ ಸೋಯಾಬೀನ್ ಮೂಲವನ್ನು ನೆಚ್ಚಿಕೊಂಡದ್ದರಿಂದ ಆದದ್ದು ಇದೇ. ಆದ್ದರಿಂದ ತಳಿ ಬಳಕೆಯಾಗಬೇಕಾದ ಹೊಲಗಳ ಮಣ್ಣಿನಿಂದ ಹುಳುಗಳನ್ನು ಬೇರ್ಪಡಿಸಿ, ಅವು ಯಾವ ಯಾವ ಮೂಲಗಳ ಮೇಲೆ ಬೆಳೆಯುತ್ತವೆಂದು ಮೊದಲೇ ತಿಳಿದುಕೊಳ್ಳಬೇಕು.

ನಿರೋಧಕ ಪೋಷಕವನ್ನು ಆರಿಸುವುದು ಆ ಬಳಿಕ. ಪಿಐ 88788ರ ಶಕ್ತಿಯು 18ನೇ ವರ್ಣತಂತುವಿನಲ್ಲಿರುವ, ಹುಳುವನ್ನು ತಡೆಯುವ ಆರ್‌ಎಚ್‌ಜಿ1 ಎಂಬ ಭಾಗವು ಒಂಬತ್ತು-ಹತ್ತು ಬಾರಿ ಪುನರಾವರ್ತನೆಯಾಗಿರುವುದರಲ್ಲಿದೆ. ಪೀಕಿಂಗ್ ಎಂಬ ಮೂಲದಲ್ಲಿ ಆ ಭಾಗದ ಪ್ರತಿಗಳು ಮೂರು ಮಾತ್ರ. ಅದರ ನಿರೋಧಕತೆ ಪೂರ್ಣವಾಗಲು 8ನೇ ವರ್ಣತಂತುವಿನ ಆರ್‌ಎಚ್‌ಜಿ4 ಎಂಬ ವಂಶವಾಹಿ ಕೂಡ ಬೇಕು. ಎರಡೂ ಮೂಲಗಳಿಂದ ಬೇರೆ ಬೇರೆ ತಳಿಗಳನ್ನು ರೂಪಿಸಿ, ಹೊಲದಲ್ಲಿ ಸರದಿಯಂತೆ ಬಿತ್ತಲು ನೀಡುವುದು ಒಂದೇ ತಳಿಯನ್ನು ನೆಚ್ಚುವುದಕ್ಕಿಂತ ಉತ್ತಮ. ಪೀಕಿಂಗ್ ಬಳಸುವಾಗ ಒಂದು ತೊಡಕನ್ನು ನೆನಪಿಡಬೇಕು: ಅದರ ಬೀಜದ ಕಪ್ಪು ಸಿಪ್ಪೆಗೆ ಕಾರಣವಾದ ವಂಶವಾಹಿ ಆರ್‌ಎಚ್‌ಜಿ4ಕ್ಕೆ ತೀರ ಹತ್ತಿರವಿರುವುದರಿಂದ, ಆ ನಂಟು ಕಡಿದ ಸಸಿ ಸಿಗಬೇಕಾದರೆ ಸಂತತಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಹುಡುಕಲೇಬೇಕು.

ಸೋಯಾಬೀನ್ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ, ಹೂವು ಅರಳುವ ಮುನ್ನವೇ ಮೊಗ್ಗಿನ ದಳಗಳನ್ನು ಚಿಮುಟದಿಂದ ತೆಗೆದು, ಬೇರೆ ಗಿಡದ ಹೊಸ ಪರಾಗವನ್ನು ಶಲಾಕಾಗ್ರಕ್ಕೆ ಸವರಬೇಕು. ಬಿಳಿ ಹೂವಿನ ಗಿಡವನ್ನು ತಾಯಿಯಾಗಿಯೂ ನೇರಳೆ ಹೂವಿನ ಗಿಡವನ್ನು ತಂದೆಯಾಗಿಯೂ ಇಟ್ಟುಕೊಂಡರೆ, ನೇರಳೆ ಬಣ್ಣ ಪ್ರಬಲವಾದುದರಿಂದ ನಿಜವಾದ ಸಂಕರ ಸಸಿಗಳು ಎಳೆಯ ಕಾಂಡದ ಬಣ್ಣದಿಂದಲೇ ಗುರುತಾಗುತ್ತವೆ. ಅನಂತರ ಅವನ್ನು ಉತ್ತಮ ಇಳುವರಿಯ ತಳಿಗೆ ಮರುಸಂಕರಿಸುತ್ತ, ಪ್ರತಿ ಪೀಳಿಗೆಯಲ್ಲೂ ಬೇಕಾದ ವಂಶವಾಹಿ ಇರುವ ಸಸಿಗಳನ್ನು ಡಿಎನ್‌ಎ ಮಾರ್ಕರ್‌ಗಳಿಂದ (ಗುರುತುಗಳಿಂದ) ಆಯ್ದುಕೊಳ್ಳುತ್ತ ಹೋಗಬೇಕು.

ಮಾರ್ಕರ್ ಹೇಳಿದ್ದನ್ನು ಹುಳುವೇ ದೃಢಪಡಿಸಬೇಕು; ಈ ಹಂತವನ್ನು ಬಿಡುವುದನ್ನು ನಾನು ಒಪ್ಪಲಾರೆ. ಮೊದಲೇ ಗುರುತಿಸಿಟ್ಟ ಹುಳುಗಳ ಮೊಟ್ಟೆಗಳನ್ನು ಕುಂಡಗಳ ಮಣ್ಣಿಗೆ ಬೆರೆಸಿ, ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಿಂಗಳು ಬೆಳೆಸಿದ ಮೇಲೆ ಬೇರುಗಳಿಂದ ಹೆಣ್ಣು ಹುಳುಗಳನ್ನು ತೊಳೆದು ಎಣಿಸಬೇಕು. ರೋಗಕ್ಕೆ ತುತ್ತಾಗುವ ತಳಿಯ ಮೇಲಿನ ಸಂಖ್ಯೆಗೆ ಹೋಲಿಸಿದಾಗ ಶೇ. 10ಕ್ಕಿಂತ ಕಡಿಮೆ ಇದ್ದರೆ ಆ ಸಾಲು, ಅಂದರೆ ಆಯ್ದ ಗಿಡದ ಆ ಸಂತತಿ, ನಿರೋಧಕವೆನಿಸುತ್ತದೆ.

ಇತರ ರೋಗಗಳನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಫೈಟೋಫ್ತೋರಾ ಬೇರು ಕೊಳೆಯನ್ನು ತಡೆಯಲು ಆರ್‌ಪಿಎಸ್ ಎಂಬ ವಂಶವಾಹಿಗಳಿವೆ, ಆದರೆ ಅವು ರೋಗಾಣುವಿನ ಕೆಲವು ಬಗೆಗಳನ್ನು ಮಾತ್ರ ತಡೆಯುತ್ತವೆ. ಹಠಾತ್ ಸಾವಿನ ರೋಗದ ನಿರೋಧಕತೆ ಹಲವು ವಂಶವಾಹಿಗಳ ಸಣ್ಣ ಸಣ್ಣ ಪಾಲಿನಿಂದ ಬರುವುದರಿಂದ, ರೋಗಪೀಡಿತ ಹೊಲಗಳಲ್ಲಿ ಹಲವು ಹಂಗಾಮು ಬೆಳೆಸಿಯೇ ಆಯ್ಕೆ ನಡೆಯಬೇಕು. ಕೊನೆಗೆ ಉಳಿದ ಸಾಲುಗಳ ಇಳುವರಿಯನ್ನು ಹುಳುವಿರುವ ಹೊಲದಲ್ಲಷ್ಟೇ ಅಲ್ಲದೆ ಹುಳುವಿಲ್ಲದ ಹೊಲದಲ್ಲೂ ಅಳೆಯಬೇಕು. ಎರಡನೆಯದರಲ್ಲಿ ಹಿಂದುಳಿಯುವ ಸಾಲನ್ನು, ಅದರ ನಿರೋಧಕತೆ ಎಷ್ಟೇ ಗಟ್ಟಿಯಾಗಿದ್ದರೂ, ತಳಿಯಾಗಿ ಬಿಡುಗಡೆ ಮಾಡದೆ ಮುಂದಿನ ಸಂಕರಣಕ್ಕೆ ಪೋಷಕವಾಗಿ ಉಳಿಸಿಕೊಳ್ಳಬೇಕು.